ಮೂರು ದೇಶ, ಐದು ತಿಂಗಳು, ಒಂದು ಬ್ಯಾಗು: ಸ್ಪ್ಯಾನಿಷ್ ನಾಡುಗಳಲ್ಲಿ ಕಡಿಮೆ ಖರ್ಚಿನ ತಿರುಗಾಟ ಮತ್ತು ಸ್ವಯಂಸೇವೆ

ಸ್ಪ್ಯಾನಿಷ್ ಮಾತಾಡುವ ದೇಶಗಳು ಸುಮಾರು ಇಪ್ಪತ್ತಿವೆ. ನನ್ನ ಮೊದಲ ಪಟ್ಟಿಯಲ್ಲಿ ಅದರಲ್ಲಿ ಒಂಬತ್ತಿದ್ದವು. ಕೊನೆಗೆ ಹೋಗಿದ್ದು ಮೂರಕ್ಕೆ: ಗ್ವಾಟೆಮಾಲಾ, ಪೆರು, ಬೊಲಿವಿಯಾ. ಆರು ದೇಶ ಬಿಟ್ಟಿದ್ದಕ್ಕೆ ಒಂದು ದಿನವೂ ಬೇಸರ ಆಗಲಿಲ್ಲ.

ಕಡಿಮೆ ಖರ್ಚಿನ ಪ್ರವಾಸ ಅಂದರೆ ಚೌಕಾಸಿ ಮಾಡುವುದು, ಊಟ ಬಿಡುವುದು ಎಂದು ತುಂಬಾ ಜನ ಅಂದುಕೊಳ್ಳುತ್ತಾರೆ. ನಿಜವಾಗಿ ದುಡ್ಡು ಉಳಿಯುವುದು ಒಂದೇ ಊರಿನಲ್ಲಿ ಜಾಸ್ತಿ ದಿನ ಇದ್ದಾಗ. ಸ್ವಯಂಸೇವೆಯೂ ಹಾಗೆಯೇ. ಮೂರು ದಿನಕ್ಕೆ ಬಂದು ಹೋಗುವವರಿಂದ ಯಾರಿಗೂ ಉಪಯೋಗವಿಲ್ಲ. ಒಂದು ತಿಂಗಳು ಇದ್ದು, ಭಾಷೆ ಸ್ವಲ್ಪ ಬರುವವರಿಂದ ಇದೆ. ಈ ಮಾರ್ಗದರ್ಶಿಯನ್ನು ಆ ನಂಬಿಕೆಯ ಮೇಲೆಯೇ ಬರೆದಿದ್ದೇನೆ.

ಮೊದಲು ಲೆಕ್ಕ ಹಾಕಿ

ಐದು ತಿಂಗಳು ಅಂದರೆ 22 ವಾರ. ನಾನು ಅದನ್ನು ಹೀಗೆ ಹಂಚಿಕೊಂಡೆ: ನಾಲ್ಕು ವಾರ ಭಾಷಾ ಶಾಲೆ, ಎಂಟು ವಾರ ಸ್ವಯಂಸೇವೆ, ಹತ್ತು ವಾರ ತಿರುಗಾಟ.

ಗ್ವಾಟೆಮಾಲಾದಲ್ಲಿ ಭಾಷಾ ಶಾಲೆಗೂ ಒಂದು ಮನೆಯಲ್ಲಿ ಊಟ, ವಸತಿಗೂ ಸೇರಿ ವಾರಕ್ಕೆ ಸುಮಾರು 250 ಡಾಲರ್ ಇಟ್ಟುಕೊಳ್ಳಿ. ನಾಲ್ಕು ವಾರಕ್ಕೆ 1,000. ಊಟ, ಹಾಸಿಗೆ ಎರಡೂ ಸಿಗುವ ಸ್ವಯಂಸೇವೆಯಲ್ಲಿ ಕೈಖರ್ಚು ವಾರಕ್ಕೆ 50 ಡಾಲರ್ ಸಾಕು. ಕೆಲವು ಯೋಜನೆಗಳು ವಾರದ ಶುಲ್ಕ ತೆಗೆದುಕೊಳ್ಳುತ್ತವೆ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಎಂಟರಲ್ಲಿ ಎರಡು ವಾರ ಅಂಥ ಕಡೆ ಇದ್ದೀರಿ ಅಂದುಕೊಂಡರೆ ಒಟ್ಟು 800. ತಿರುಗಾಟದ 70 ದಿನಕ್ಕೆ ದಿನಕ್ಕೆ 28 ಡಾಲರ್‌ನಂತೆ ಸುಮಾರು 2,000. ಗ್ವಾಟೆಮಾಲಾದಿಂದ ಪೆರುವಿನ ಲಿಮಾಕ್ಕೆ ವಿಮಾನಕ್ಕೆ 300. ಪೆರುವಿನ ಹಳೆಯ ಇಂಕಾ ನಗರ ಮಾಚು ಪಿಚು, ಬೊಲಿವಿಯಾದ ಉಯುನಿ ಉಪ್ಪಿನ ಬಯಲು ಇವೆರಡಕ್ಕೆ 400. ಎಲ್ಲ ಸೇರಿ 4,500 ಡಾಲರ್.

ಭಾರತದಿಂದ ಹೋಗಿ ಬರುವ ಟಿಕೆಟ್, ವೀಸಾ, ವಿಮೆ ಬೇರೆ. ಇದಲ್ಲದೆ 500 ಡಾಲರ್ ತುರ್ತಿಗೆ ಎಂದು ಎತ್ತಿಡಿ. ಮುಟ್ಟಬೇಡಿ.

ಎರಡು ದಿನಕ್ಕೊಂದು ಊರು ಬದಲಿಸಿದರೆ ದಿನದ ಖರ್ಚು 40 ಡಾಲರ್ ದಾಟುತ್ತದೆ. ಬಸ್ಸಿನ ಟಿಕೆಟ್, ನಿಲ್ದಾಣದಿಂದ ಟ್ಯಾಕ್ಸಿ, ಗೊತ್ತಿಲ್ಲದ ಊರಿನಲ್ಲಿ ಮೊದಲ ದಿನದ ದುಬಾರಿ ಊಟ, ಎಲ್ಲ ಅದರಲ್ಲೇ ಸೇರಿರುತ್ತದೆ. ಒಂದು ವಾರ ಇದ್ದರೆ ಹಾಸ್ಟೆಲಿನವರು ತಾವಾಗಿಯೇ ಕಡಿಮೆ ಮಾಡುತ್ತಾರೆ, ಮಾರ್ಕೆಟ್ಟಿನ ಅಂಗಡಿಯವರಿಗೆ ನಿಮ್ಮ ಮುಖ ಪರಿಚಯವಾಗುತ್ತದೆ.

ವೀಸಾ, ಲಸಿಕೆ, ಟಿಕೆಟ್

ಭಾರತದ ಪಾಸ್‌ಪೋರ್ಟಿಗೆ ಇಲ್ಲಿ ಒಂದು ಅನುಕೂಲ ಇದೆ. ಅಮೆರಿಕ ಅಥವಾ ಯೂರೋಪಿನ ಷೆಂಗೆನ್ ವೀಸಾ ಇನ್ನೂ ಆರು ತಿಂಗಳ ಅವಧಿಯೊಂದಿಗೆ ಇದ್ದರೆ ಪೆರು ಮತ್ತು ಕೊಲಂಬಿಯಾ ಪ್ರವಾಸಿಗಳನ್ನು ಬೇರೆ ವೀಸಾ ಇಲ್ಲದೆ ಒಳಗೆ ಬಿಡುತ್ತವೆ. ಅಮೆರಿಕ ವೀಸಾ ಇದ್ದವರಿಗೆ ಮೆಕ್ಸಿಕೊ ಕೂಡ ಹಾಗೆಯೇ. ಬೊಲಿವಿಯಾಕ್ಕೆ ವೀಸಾ ಬೇಕು. ಗ್ವಾಟೆಮಾಲಾ, ಪೆರು, ಬೊಲಿವಿಯಾ ಮೂರಕ್ಕೂ ದೆಹಲಿಯಲ್ಲಿ ರಾಯಭಾರ ಕಚೇರಿ ಇದೆ. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಹಾಗಾಗಿ ಟಿಕೆಟ್ ಕೊಳ್ಳುವ ಮೊದಲು ಆ ಕಚೇರಿಗಳಿಗೆ ಇಮೇಲ್ ಬರೆದು ಉತ್ತರವನ್ನು ಪ್ರಿಂಟ್ ಮಾಡಿಟ್ಟುಕೊಳ್ಳಿ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಆ ಒಂದು ಹಾಳೆ ತುಂಬಾ ಕೆಲಸಕ್ಕೆ ಬರುತ್ತದೆ.

ದಾರಿಯ ವೀಸಾವನ್ನು ಮರೆಯಬೇಡಿ. ಅಮೆರಿಕದ ಮೂಲಕ ಹೋದರೆ ವಿಮಾನ ಬದಲಿಸುವುದಕ್ಕೂ ವೀಸಾ ಬೇಕು. ಯೂರೋಪಿನ ಕೆಲವು ದೇಶಗಳೂ ಭಾರತೀಯರಿಂದ ನಿಲ್ದಾಣದ ಟ್ರಾನ್ಸಿಟ್ ವೀಸಾ ಕೇಳುತ್ತವೆ. ಅಗ್ಗದ ಟಿಕೆಟ್ ಎಂದು ಕೊಂಡು ಆಮೇಲೆ ಈ ಕಾರಣಕ್ಕೆ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಇನ್ನೊಂದು: ಮುಂದೆ ಹೊರಡುವ ಟಿಕೆಟ್ ತೋರಿಸಿ ಎಂದು ವಿಮಾನ ಕಂಪನಿಗಳು ಕೇಳುತ್ತವೆ. ಗ್ವಾಟೆಮಾಲಾದಿಂದ ಲಿಮಾಕ್ಕೆ ಹೋಗುವ ಟಿಕೆಟನ್ನು ಮೊದಲೇ ಕೊಂಡರೆ ಆ ಪ್ರಶ್ನೆಯೇ ಬರುವುದಿಲ್ಲ.

ಗ್ವಾಟೆಮಾಲಾದಲ್ಲಿ ಪ್ರವಾಸಿಗಳಿಗೆ ಇರಲು ಕೊಡುವ 90 ದಿನ ಆ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ ಕೂಡ ಅದೇ 90ರಲ್ಲಿ ಬರುತ್ತವೆ. ಪಕ್ಕದ ಹೊಂಡುರಾಸ್‌ಗೆ ಹೋಗಿ ಬಂದರೆ ಎಣಿಕೆ ಮತ್ತೆ ಶುರುವಾಗುವುದಿಲ್ಲ.

ಮಧ್ಯ ಅಮೆರಿಕದಿಂದ ದಕ್ಷಿಣ ಅಮೆರಿಕಕ್ಕೆ ರಸ್ತೆಯೇ ಇಲ್ಲ ಅನ್ನುವುದೂ ತಿಳಿದಿರಲಿ. ಪನಾಮಾ ಮತ್ತು ಕೊಲಂಬಿಯಾ ನಡುವೆ ದಾರಿಯೆನ್ ಕಾಡಿದೆ. ಪ್ಯಾನ್ ಅಮೆರಿಕನ್ ಹೆದ್ದಾರಿ ಅಲ್ಲಿ ಸುಮಾರು 100 ಕಿಲೋಮೀಟರ್ ತುಂಡಾಗಿದೆ. ಹಾಗಾಗಿ ವಿಮಾನವೇ ಗತಿ.

ಲಸಿಕೆಯ ವಿಷಯಕ್ಕೆ ಬರೋಣ. ಪೆರು, ಬೊಲಿವಿಯಾ ಎರಡೂ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿವೆ. ಅಲ್ಲಿಂದ ಹೊರಟು ಆರು ದಿನದೊಳಗೆ ಭಾರತಕ್ಕೆ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಲಸಿಕೆಯ ಹಳದಿ ಕಾರ್ಡು ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಿ, ಬೇರೆ ಕಡೆಯ ಕಾರ್ಡು ನಡೆಯುವುದಿಲ್ಲ. ಹಾಕಿಸಿಕೊಂಡ ಹತ್ತು ದಿನದ ನಂತರ ಕಾರ್ಡಿಗೆ ಬೆಲೆ ಬರುತ್ತದೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು.

ವಿಮೆ ಕೊಳ್ಳುವಾಗ ಎರಡು ಸಾಲು ಹುಡುಕಿ ಓದಿ. ಎಷ್ಟು ಎತ್ತರದವರೆಗೆ ಅದು ಅನ್ವಯ ಅನ್ನುವುದು ಒಂದು. ಕೆಲವು ಪಾಲಿಸಿ 3,000 ಮೀಟರಿಗೇ ನಿಂತುಬಿಡುತ್ತವೆ. ಬೊಲಿವಿಯಾದ ಲಾ ಪಾಜ್ ಊರೇ 3,650 ಮೀಟರ್ ಎತ್ತರದಲ್ಲಿದೆ. ತೋಟದ ಕೆಲಸ ಮಾಡುವಾಗ ಕೈ ಕೊಯ್ದುಕೊಂಡರೆ ಕೊಡುತ್ತಾರೋ ಇಲ್ಲವೋ ಅನ್ನುವುದು ಇನ್ನೊಂದು.

ದುಡ್ಡು, ಫೋನು, ಬ್ಯಾಗು

ಯುಪಿಐ ಅಲ್ಲಿ ನಡೆಯುವುದಿಲ್ಲ. ಎರಡು ಬೇರೆ ಬೇರೆ ಬ್ಯಾಂಕಿನ ಕಾರ್ಡು ಇರಲಿ, ಒಂದು ಪರ್ಸಿನಲ್ಲಿ, ಒಂದು ಬ್ಯಾಗಿನ ತಳದಲ್ಲಿ. ಎಟಿಎಂ ಯಂತ್ರ ನಿಮ್ಮ ದುಡ್ಡನ್ನು ರೂಪಾಯಿಗೆ ಲೆಕ್ಕ ಹಾಕಿ ಕೊಡಲಾ ಎಂದು ಕೇಳಿದರೆ ಬೇಡ ಅನ್ನಿ. ಆ ದರ ಯಾವಾಗಲೂ ನಷ್ಟದ್ದೇ. ಜೊತೆಗೆ ಸ್ವಲ್ಪ ಡಾಲರ್ ನೋಟು ಇರಲಿ. ಹರಿದ, ಗೀಚಿದ, ಮಡಚಿ ಮೆತ್ತಗಾದ ನೋಟನ್ನು ಪೆರು, ಬೊಲಿವಿಯಾದಲ್ಲಿ ತೆಗೆದುಕೊಳ್ಳುವುದೇ ಇಲ್ಲ. ಇಲ್ಲಿ ಕೊಳ್ಳುವಾಗಲೇ ಹೊಸ ನೋಟು ಕೇಳಿ.

ಭಾರತದ ಸಿಮ್ ಬಿಟ್ಟು ಹೋಗಬೇಡಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಹೊರಡುವ ಮೊದಲು ರೋಮಿಂಗ್‌ನಲ್ಲಿ ಎಸ್‌ಎಂಎಸ್ ಬರುವಂತೆ ಮಾಡಿಸಿ. ಮಾತಿಗೆ ಅಲ್ಲಿನ ಸಿಮ್ ಕೊಂಡರೆ ಸಾಕು. ಅಲ್ಲಿ ಎಲ್ಲರೂ, ಭಾಷಾ ಶಾಲೆಯವರೂ, ಬಸ್ಸಿನವರೂ ವಾಟ್ಸಾಪ್‌ನಲ್ಲೇ ಇದ್ದಾರೆ. ಗ್ವಾಟೆಮಾಲಾ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ. ಅಲ್ಲಿ ಬೆಳಗ್ಗೆ ಎಂಟು ಅಂದರೆ ಮನೆಯಲ್ಲಿ ರಾತ್ರಿ ಏಳೂವರೆ. ಅಮ್ಮನಿಗೆ ಫೋನ್ ಮಾಡಲು ಅದೇ ಸರಿಯಾದ ಹೊತ್ತು.

ಬ್ಯಾಗು 40 ಲೀಟರ್, ತೂಕ ಹತ್ತು ಕೆಜಿಯ ಒಳಗೆ. ಒಂದು ದಪ್ಪ ಸ್ವೆಟರ್, ಮಳೆ ಜಾಕೆಟ್, ಬೀಗ, ನೀರು ಶುದ್ಧ ಮಾಡುವ ಬಾಟಲಿ. ಗ್ವಾಟೆಮಾಲಾದಲ್ಲಿ ಎರಡು ಚಪ್ಪಟೆ ಕಡ್ಡಿಯ ಪ್ಲಗ್ಗು, ವಿದ್ಯುತ್ತು 120 ವೋಲ್ಟ್. ಫೋನಿನ ಚಾರ್ಜರ್ ಅಡಾಪ್ಟರ್ ಇದ್ದರೆ ನಡೆಯುತ್ತದೆ. ನೀರು ಕಾಯಿಸುವ ನಮ್ಮ ಕಾಯಿಲ್ ಅಲ್ಲಿ ಸರಿಯಾಗಿ ಕಾಯುವುದಿಲ್ಲ, ಮನೆಯಲ್ಲೇ ಬಿಡಿ.

ಮೊದಲ ತಿಂಗಳು ಭಾಷೆಗೆ ಕೊಡಿ

ಇದನ್ನು ಮಾತ್ರ ಬಿಡಬೇಡಿ. ಬೇರೆ ಯಾವುದನ್ನಾದರೂ ಬಿಡಿ.

ಗ್ವಾಟೆಮಾಲಾದ ಭಾಷಾ ಶಾಲೆಗಳ ವಿಶೇಷ ಏನೆಂದರೆ ಒಬ್ಬ ವಿದ್ಯಾರ್ಥಿಗೆ ಒಬ್ಬ ಶಿಕ್ಷಕಿ. ದಿನಕ್ಕೆ ನಾಲ್ಕೈದು ಗಂಟೆ, ವಾರಕ್ಕೆ ಐದು ದಿನ. ಮಿಕ್ಕ ಹೊತ್ತು ಒಂದು ಕುಟುಂಬದ ಮನೆಯಲ್ಲಿ ವಾಸ, ಅವರ ಜೊತೆ ಊಟ. ಹೋಗಬಹುದಾದ ಊರುಗಳು ಮುಖ್ಯವಾಗಿ ಮೂರು. ಆಂಟಿಗುವಾ ಚೆಂದದ ಹಳೆಯ ಊರು. ಆದರೆ ಪ್ರವಾಸಿಗಳು ಜಾಸ್ತಿ, ಬೀದಿಯಲ್ಲಿ ಇಂಗ್ಲಿಷ್ ಕಿವಿಗೆ ಬೀಳುತ್ತಲೇ ಇರುತ್ತದೆ. ಅತಿತ್ಲಾನ್ ಸರೋವರದ ದಡದ ಸಾನ್ ಪೆದ್ರೊ ಲಾ ಲಗುನಾ ಅಗ್ಗ, ಸುತ್ತ ಜ್ವಾಲಾಮುಖಿ ಬೆಟ್ಟಗಳು. ನನ್ನ ಆಯ್ಕೆ ಕೆಟ್ಸಾಲ್ತೆನಾಂಗೊ. ಎಲ್ಲರೂ ಅದನ್ನು ಶೆಲಾ ಅನ್ನುತ್ತಾರೆ. 2,330 ಮೀಟರ್ ಎತ್ತರ, ಬೆಳಗ್ಗೆ ಚಳಿ, ಇಂಗ್ಲಿಷ್ ಕಡಿಮೆ. ಅಲ್ಲಿ ಸ್ಪ್ಯಾನಿಷ್ ಇಲ್ಲದೆ ಸೋಪು ಕೊಳ್ಳುವುದೂ ಕಷ್ಟ, ಅದಕ್ಕೇ ಬೇಗ ಬಂತು.

ಕನ್ನಡ ಬಲ್ಲವರಿಗೆ ಸ್ಪ್ಯಾನಿಷ್‌ನ ಕೆಲವು ವಿಷಯಗಳು ಇಂಗ್ಲಿಷಿನವರಿಗಿಂತ ಸುಲಭ. ಇದನ್ನು ಖುಷಿಗೆಂದು ಹೇಳುತ್ತಿಲ್ಲ. ನೋಡಿ. ಅ, ಎ, ಇ, ಒ, ಉ ಐದೇ ಸ್ವರ, ಬರೆದಂತೆಯೇ ಓದುವುದು. ಅವರ ತ, ದ ನಮ್ಮ ಹಾಗೆಯೇ ಹಲ್ಲಿಗೆ ತಾಗುತ್ತವೆ. ನಮ್ಮ ವರ್ಣಮಾಲೆಯಲ್ಲಿ ಸುಮ್ನೆ ಕೂತಿರುವ ಞ ಅಲ್ಲಿ ದಿನವೂ ಬೇಕಾಗುತ್ತದೆ: ಮಞಾನಾ ಅಂದರೆ ನಾಳೆ. ಹಳಗನ್ನಡದಲ್ಲಿ ರ ಮತ್ತು ಱ ಬೇರೆಯಾಗಿದ್ದವಲ್ಲ, ಅಲ್ಲಿಯೂ ಎರಡು ರಕಾರಗಳಿವೆ. ಪೆರೊ ಅಂದರೆ ಆದರೆ, ಪೆರ್ರೊ ಅಂದರೆ ನಾಯಿ.

ವ್ಯಾಕರಣವೂ ಹತ್ತಿರ. ನಾವು ಬರೀ ಬಂದೆ ಅಂದರೆ ನಾನು ಎಂದು ಗೊತ್ತಾಗುತ್ತದೆ. ಅಲ್ಲಿಯೂ ಆಬ್ಲೊ ಅಂದರೆ ಸಾಕು, ನಾನು ಮಾತಾಡುತ್ತೇನೆ ಎಂದಾಯಿತು. ಮೆ ಗುಸ್ತಾ ಎಲ್ ಕಫೆ ಅನ್ನುವುದು ಪದಕ್ಕೆ ಪದ ನನಗೆ ಕಾಫಿ ಇಷ್ಟ ಅನ್ನುವ ಹಾಗೆ. ಮೆ ದುಎಲೆ ಲಾ ಕಬೆಸಾ, ನನಗೆ ತಲೆ ನೋಯುತ್ತದೆ. ಇಂಗ್ಲಿಷ್ ಮಾತಾಡುವ ಗೆಳೆಯರು ಈ ವಾಕ್ಯಗಳ ಮುಂದೆ ವಾರಗಟ್ಟಲೆ ಒದ್ದಾಡುತ್ತಿದ್ದರು. ನನಗೆ ಅದು ಮೊದಲ ದಿನವೇ ಮನೆಯ ಮಾತಿನಂತೆ ಕೇಳಿಸಿತು. ಇಂಗ್ಲಿಷಿನ ಮೂಲಕ ಕಲಿಯಬೇಡಿ, ಕನ್ನಡದಲ್ಲಿ ಯೋಚಿಸಿ ಕಲಿಯಿರಿ.

ನೀನು, ನೀವು ಅಲ್ಲಿಯೂ ಉಂಟು. ತೂ ಅಂದರೆ ನೀನು, ಉಸ್ತೆದ್ ಅಂದರೆ ನೀವು. ಗ್ವಾಟೆಮಾಲಾದಲ್ಲಿ ಗೆಳೆಯರ ನಡುವೆ ವೊಸ್ ಕೂಡ ಕೇಳುತ್ತದೆ. ಅನುಮಾನ ಬಂದಾಗ ಉಸ್ತೆದ್ ಅನ್ನಿ, ವಿಶೇಷವಾಗಿ ಹಳ್ಳಿಯ ಹಿರಿಯರಿಗೆ. ನಮ್ಮಲ್ಲಿ ಅಪರಿಚಿತ ಅಜ್ಜಿಗೆ ನೀನು ಅನ್ನುತ್ತೀರಾ? ಇಲ್ಲ ಅಲ್ವಾ. ಅಷ್ಟೇ.

ಯಾವ ಊರು ಎಂದು ಕೇಳಿದರೆ ಸೊಯ್ ದೆ ಲಾ ಇಂದಿಯಾ ಅನ್ನಿ, ಇಂಡಿಯಾದವನು ಎಂದು. ಇಂದಿಯೊ ಅನ್ನುವ ಪದ ಬಳಸಬೇಡಿ. ಅದು ಅಲ್ಲಿನ ಮೂಲನಿವಾಸಿಗಳನ್ನು ಕೀಳಾಗಿ ಕರೆಯಲು ಬಳಸಿದ ಪದ. ಗ್ವಾಟೆಮಾಲಾದಲ್ಲಿ 22 ಮಾಯಾ ಭಾಷೆಗಳಿವೆ. ಪೆರು, ಬೊಲಿವಿಯಾ ಬೆಟ್ಟಗಳಲ್ಲಿ ಕೆಚುವಾ, ಐಮಾರಾ ಇವೆ. ತುಂಬಾ ಜನರಿಗೆ ಸ್ಪ್ಯಾನಿಷ್ ಎರಡನೆಯ ಭಾಷೆ, ಹಾಗಾಗಿ ನಿಧಾನಕ್ಕೆ, ಬಿಡಿಸಿ ಮಾತಾಡುತ್ತಾರೆ. ಕಲಿಯುವವರಿಗೆ ಅದೊಂದು ಭಾಗ್ಯ. ಶೆಲಾದ ಸಂತೆಯಲ್ಲಿ ಕಿಚೆ ಭಾಷೆಯಲ್ಲಿ ಮಾಲ್ತ್ಯೋಶ್, ಪೆರುವಿನ ಕುಸ್ಕೊದಲ್ಲಿ ಕೆಚುವಾ ಭಾಷೆಯಲ್ಲಿ ಸುಲ್ಪಾಯ್ಕಿ. ಎರಡೂ ಧನ್ಯವಾದವೇ. ಅಷ್ಟು ಹೇಳಿದರೆ ಎದುರಿನವರ ಮುಖ ಅರಳುತ್ತದೆ.

ಸ್ವಯಂಸೇವೆ: ಹುಡುಕುವುದು, ಕೇಳುವುದು, ಬೇಡ ಅನ್ನುವುದು

ವರ್ಕ್‌ಅವೇ, ವರ್ಲ್ಡ್‌ಪ್ಯಾಕರ್ಸ್, ಹೆಲ್ಪ್‌ಎಕ್ಸ್ ಎಂಬ ತಾಣಗಳು ಮನೆ, ತೋಟ, ಹಾಸ್ಟೆಲಿನವರನ್ನೂ ಕೆಲಸ ಮಾಡಲು ಸಿದ್ಧ ಇರುವವರನ್ನೂ ಸೇರಿಸುತ್ತವೆ. ಸಾಮಾನ್ಯ ಒಪ್ಪಂದ: ದಿನಕ್ಕೆ ಐದು ಗಂಟೆ, ವಾರಕ್ಕೆ ಐದು ದಿನ ಕೆಲಸ. ಬದಲಿಗೆ ಊಟ, ವಸತಿ. ಸಾವಯವ ತೋಟಗಳಿಗೇ ಬೇರೆಯಾದ ಜಾಲ ವೂಫ್. ಅದು 1971ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು. ಅದರಲ್ಲಿ ಒಂದೊಂದು ದೇಶಕ್ಕೆ ಬೇರೆ ಸದಸ್ಯತ್ವ ಇರುತ್ತದೆ. ಒಂದು ತಾಣಕ್ಕೆ ಮಾತ್ರ ದುಡ್ಡು ಕಟ್ಟಿ. ಕಟ್ಟುವ ಮೊದಲೇ ಪಟ್ಟಿಯನ್ನು ಪುಕ್ಕಟೆ ನೋಡಬಹುದು, ನಿಮ್ಮ ದಾರಿಯಲ್ಲಿ ಬೇಕಾದ ಜಾಗಗಳು ಇವೆಯೇ ನೋಡಿಕೊಳ್ಳಿ.

ಬರೆಯುವಾಗ ನಾಲ್ಕೈದು ಸಾಲು ಸಾಕು, ಆದರೆ ಸ್ಪ್ಯಾನಿಷ್‌ನಲ್ಲಿ ಬರೆಯಿರಿ. ಯಾವ ದಿನದಿಂದ ಯಾವ ದಿನದವರೆಗೆ, ಏನು ಕೆಲಸ ಬರುತ್ತದೆ, ಏನು ತಿನ್ನುವುದಿಲ್ಲ. ಎಲ್ಲ ಕೆಲಸ ಮಾಡುತ್ತೇನೆ ಅನ್ನುವವರಿಗಿಂತ ಅಡಿಕೆ ತೋಟದಲ್ಲಿ ಬೆಳೆದವಳು, ಕಾಂಪೋಸ್ಟ್ ಮಾಡಲು ಗೊತ್ತು ಅನ್ನುವವರಿಗೆ ಬೇಗ ಉತ್ತರ ಬರುತ್ತದೆ. ನಿಮಗೆ ಬರುವ ಕೆಲಸವನ್ನು ಸಣ್ಣದು ಅಂದುಕೊಳ್ಳಬೇಡಿ. ಲೆಕ್ಕಪತ್ರ, ಹೊಲಿಗೆ, ವೈರಿಂಗ್, ಫೋಟೊ, ಇಪ್ಪತ್ತು ಜನಕ್ಕೆ ಅಡುಗೆ, ಎಲ್ಲಕ್ಕೂ ಬೇಡಿಕೆ ಇದೆ.

ಒಪ್ಪುವ ಮೊದಲು ಇಷ್ಟನ್ನು ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ:

- ದಿನಕ್ಕೆ ಎಷ್ಟು ಗಂಟೆ, ರಜೆ ಯಾವ ದಿನ?
- ಮೂರು ಹೊತ್ತಿನ ಊಟವೋ, ಬರೀ ತಿಂಡಿಯೋ? ಮಾಂಸವಿಲ್ಲದ ಊಟ ಆಗುತ್ತದೆಯೇ?
- ಮಲಗುವುದು ಎಲ್ಲಿ, ಬಾಗಿಲಿಗೆ ಬೀಗ ಇದೆಯೇ?
- ನಾನು ಬರದಿದ್ದರೆ ಈ ಕೆಲಸವನ್ನು ಯಾರು ಮಾಡುತ್ತಾರೆ?
- ಹಿಂದೆ ಬಂದಿದ್ದ ಒಬ್ಬರ ಜೊತೆ ಮಾತಾಡಬಹುದೇ?

ನಾಲ್ಕನೆಯ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ. ಆ ಊರಿನ ಒಬ್ಬರಿಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ನಾವು ಪುಕ್ಕಟೆ ಮಾಡಿದರೆ ಒಬ್ಬರ ಅನ್ನ ಕಿತ್ತುಕೊಂಡಂತೆ. ಗೋಡೆ ಕಟ್ಟುವುದು, ಬಣ್ಣ ಬಳಿಯುವುದು, ದೊಡ್ಡ ಹಾಸ್ಟೆಲಿನಲ್ಲಿ ಹಾಸಿಗೆ ಹಾಸುವುದು, ಇವುಗಳಲ್ಲಿ ತುಂಬಾ ಸಲ ಹೀಗಾಗುತ್ತದೆ. ಒಂದು ಹಾಸ್ಟೆಲಿನಲ್ಲಿ ನನಗೆ ಐದು ಗಂಟೆ ಎಂದು ಹೇಳಿ ದಿನಾ ಎಂಟು ಗಂಟೆ ದುಡಿಸಿದರು. ಮಾತುಕತೆ ಬರಹದಲ್ಲಿ ಇರಲಿಲ್ಲ. ಆರನೆಯ ದಿನ ನಮಸ್ಕಾರ ಹೇಳಿ ಹೊರಟೆ. ಹೊರಡುವ ಹಕ್ಕು ನಿಮಗೆ ಯಾವಾಗಲೂ ಇದೆ. ಅದಕ್ಕಾಗಿಯೇ ಎರಡು ರಾತ್ರಿಯ ಹಾಸ್ಟೆಲ್ ದುಡ್ಡು ಯಾವತ್ತೂ ಕೈಯಲ್ಲಿರಲಿ.

ಕಾನೂನಿನ ಮಾತೂ ಇದೆ. ಊಟ, ವಸತಿಗೆ ಬದಲಾಗಿ ದುಡಿಯುವುದನ್ನೂ ಕೆಲಸ ಎಂದೇ ನೋಡುವ ದೇಶಗಳಿವೆ. ಪ್ರವಾಸಿಯಾಗಿ ಬಂದು ಇದನ್ನು ಮಾಡಬಹುದೇ ಎಂದು ಆತಿಥೇಯರನ್ನೂ ರಾಯಭಾರ ಕಚೇರಿಯನ್ನೂ ಮೊದಲೇ ಕೇಳಿ. ನೋಂದಣಿಯಾದ ಸಂಸ್ಥೆಗಳಿಗೆ ಇದರ ಉತ್ತರ ಗೊತ್ತಿರುತ್ತದೆ.

ಇನ್ನು ಅನಾಥಾಲಯಗಳ ವಿಷಯ. ದಯವಿಟ್ಟು ಹೋಗಬೇಡಿ. ಪ್ರವಾಸಿಗಳು ದುಡ್ಡು ಕೊಟ್ಟು ಮಕ್ಕಳ ಜೊತೆ ಆಡಲು ಬರುತ್ತಾರೆ ಎಂದಾದಾಗ, ಅಪ್ಪ ಅಮ್ಮ ಇರುವ ಮಕ್ಕಳನ್ನೂ ಅಲ್ಲಿ ತಂದು ಇರಿಸುವ ವ್ಯವಹಾರ ಹುಟ್ಟುತ್ತದೆ. 2018ರಲ್ಲಿ ಆಸ್ಟ್ರೇಲಿಯಾ ಇದನ್ನು ಆಧುನಿಕ ಗುಲಾಮಗಿರಿಯ ಒಂದು ರೂಪ ಎಂದು ಗುರುತಿಸಿತು. ಎರಡು ವಾರಕ್ಕೊಬ್ಬ ಹೊಸ ಅಕ್ಕ, ಹೊಸ ಅಣ್ಣ ಬಂದು ತಬ್ಬಿಕೊಂಡು ಹೋದರೆ ಆ ಮಗುವಿನ ಮನಸ್ಸು ಏನಾಗಬೇಕು? ಮಕ್ಕಳಿಗೆ ಕಲಿಸುವ ಆಸೆ ಇದ್ದರೆ, ಸ್ಥಳೀಯ ಶಿಕ್ಷಕರು ಇರುವ ಶಾಲೆಯಲ್ಲಿ ಅವರ ಕೈಕೆಳಗೆ, ಕನಿಷ್ಠ ಎರಡು ಮೂರು ತಿಂಗಳು ಇರಲು ಸಾಧ್ಯವಾದರೆ ಮಾತ್ರ ಹೋಗಿ. ನಿಮ್ಮ ಹಿನ್ನೆಲೆ ಪರೀಕ್ಷೆ ಮಾಡದೆ ಮಕ್ಕಳ ಬಳಿ ಬಿಡುವ ಜಾಗದ ಮೇಲೆ ನಂಬಿಕೆ ಇಡಬೇಡಿ.

ಹಾಗಾದರೆ ಎಲ್ಲಿಗೆ ಹೋಗುವುದು? ನಾನು ಮನಸಾರೆ ಹೇಳುವ ಎರಡು ಹೆಸರು ಇವು.

ಗ್ವಾಟೆಮಾಲಾದ ಆರ್ಕಾಸ್ 1989ರಲ್ಲಿ ಶುರುವಾದ ವನ್ಯಜೀವಿ ಸಂಸ್ಥೆ. ಪೆತೆನ್ ಕಾಡಿನಲ್ಲಿ, ಫ್ಲೋರೆಸ್ ಊರಿನ ಬಳಿ, ಕಳ್ಳಸಾಗಣೆಯಿಂದ ಬಿಡಿಸಿದ ಗಿಳಿ, ಮಂಗಗಳ ಆರೈಕೆ ನಡೆಯುತ್ತದೆ. ಪೆಸಿಫಿಕ್ ಕಡಲ ತೀರದ ಹವಾಯಿ ಎಂಬ ಹಳ್ಳಿಯಲ್ಲಿ ಕಡಲಾಮೆಗಳ ಮೊಟ್ಟೆಮನೆ, ಅಂದರೆ ಮೊಟ್ಟೆ ಮರಿಯಾಗುವವರೆಗೆ ಕಾಯುವ ಜಾಗ ಇದೆ. ಅಲ್ಲಿ ಜಾಸ್ತಿ ಬರುವುದು ಆಲಿವ್ ರಿಡ್ಲೆ ಆಮೆ. ನಮ್ಮ ಹೊನ್ನಾವರದ ಕಾಸರಕೋಡು ತೀರಕ್ಕೆ ಮೊಟ್ಟೆ ಇಡಲು ಬರುವುದೂ ಅದೇ ಜಾತಿ. ಭೂಮಿಯ ಆ ಬದಿಯಲ್ಲಿ ಅದೇ ಆಮೆ ಅದೇ ರೀತಿ ಮರಳು ತೋಡುವುದನ್ನು ರಾತ್ರಿ ಕೆಂಪು ಟಾರ್ಚಿನ ಬೆಳಕಿನಲ್ಲಿ ನೋಡಿದಾಗ ನನ್ನ ಕಣ್ಣು ತುಂಬಿ ಬಂತು. ಅಲ್ಲಿನ ವ್ಯವಸ್ಥೆಯೂ ಅರ್ಥಮಾಡಿಕೊಳ್ಳುವಂಥದ್ದು. ಮೊಟ್ಟೆ ಆರಿಸಿ ಮಾರುವವರು ಬಡವರು. ಅವರು ಒಂದು ಗೂಡಿನ ಮೊಟ್ಟೆಯಲ್ಲಿ ಸುಮಾರು ಐದನೇ ಒಂದು ಭಾಗವನ್ನು ಮೊಟ್ಟೆಮನೆಗೆ ಕೊಟ್ಟುಬಿಡುತ್ತಾರೆ. ಆಮೆ ಜಾಸ್ತಿ ಬರುವುದು ಆಗಸ್ಟ್‌ನಿಂದ ಅಕ್ಟೋಬರ್. ಮಳೆ, ಸೊಳ್ಳೆ, ಸೆಕೆ ಎಲ್ಲ ಆಗಲೇ.

ಬೊಲಿವಿಯಾದಲ್ಲಿ ಇಂತಿ ವಾರಾ ಯಾಸಿ. ಹೆಸರೇ ಚೆಂದ: ಕೆಚುವಾದಲ್ಲಿ ಸೂರ್ಯ, ಐಮಾರಾದಲ್ಲಿ ನಕ್ಷತ್ರ, ಗ್ವರಾನಿಯಲ್ಲಿ ಚಂದ್ರ. ಸರ್ಕಸ್ಸು, ಮನೆ, ಮಾರ್ಕೆಟ್ಟುಗಳಿಂದ ಬಿಡಿಸಿದ ಪ್ಯೂಮಾ, ಜಾಗ್ವಾರ್, ಮಂಗಗಳನ್ನು ಕೆಳನಾಡಿನ ಕಾಡಿನಲ್ಲಿ ಸಾಕುತ್ತಾರೆ. ಹೆಚ್ಚಿನ ಕೆಲಸ ಹಣ್ಣು ಹೆಚ್ಚುವುದು, ಬೋನು ತೊಳೆಯುವುದು, ದಾರಿ ಸವರುವುದು. ಕಡಿಮೆ ದಿನಕ್ಕೆ ಬರುವವರನ್ನು ಅವರು ತೆಗೆದುಕೊಳ್ಳುವುದಿಲ್ಲ. ಪ್ರಾಣಿಗೆ ನಿಮ್ಮ ಪರಿಚಯ ಆಗಲೇ ವಾರ ಬೇಕು. ಪ್ರಾಣಿಯನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳಬಹುದು ಎಂದು ಜಾಹೀರಾತು ಕೊಡುವ ಯಾವ ಕೇಂದ್ರವೂ ರಕ್ಷಣಾ ಕೇಂದ್ರ ಅಲ್ಲ. ಆ ಒಂದೇ ಗುರುತು ಸಾಕು.

ಈ ಎರಡೂ ಕಡೆ ಶುಲ್ಕ ಇದೆ. ಪುಕ್ಕಟೆ ದುಡಿದು ಮತ್ತೆ ದುಡ್ಡೂ ಯಾಕೆ ಕೊಡಬೇಕು ಎಂದು ನನಗೂ ಅನ್ನಿಸಿತ್ತು. ಹೋದ ಮೇಲೆ ತಿಳಿಯಿತು. ನಿಮ್ಮ ಊಟ, ಹಾಸಿಗೆ, ಕಲಿಸುವವರ ಸಮಯ, ಪ್ರಾಣಿಗಳ ಮೇವು ಎಲ್ಲ ಅದರಿಂದಲೇ ನಡೆಯಬೇಕು. ಶುಲ್ಕ ನೇರವಾಗಿ ಕೆಲಸದ ಜಾಗಕ್ಕೆ ಹೋಗುತ್ತಿದ್ದರೆ ಸಂಕೋಚ ಬೇಡ. ನಡುವೆ ಒಂದು ಏಜೆನ್ಸಿ ಕೂತು ಎರಡು ವಾರಕ್ಕೆ ಸಾವಿರಾರು ಡಾಲರ್ ಕೇಳಿದರೆ, ಅದರಲ್ಲಿ ಆ ಹಳ್ಳಿಗೆ ಸೇರುವುದು ಎಷ್ಟು ಎಂದು ಕೇಳಿ. ಉತ್ತರ ಬರದಿದ್ದರೆ ಬಿಡಿ.

ಊಟ

ಮಧ್ಯಾಹ್ನದ ಊಟ ದೊಡ್ಡದು ಮಾಡಿ, ರಾತ್ರಿ ಸಣ್ಣದು. ಪೆರುವಿನಲ್ಲಿ ಮೆನು, ಬೊಲಿವಿಯಾದಲ್ಲಿ ಅಲ್ಮುಎರ್ಸೊ ಎಂದು ಬೋರ್ಡು ಇರುತ್ತದೆ. ಸೂಪು, ಅನ್ನದ ತಟ್ಟೆ, ಒಂದು ಲೋಟ ಪಾನೀಯ ಸೇರಿ ಪೆರುವಿನಲ್ಲಿ ಅಲ್ಲಿನ ಹಣದಲ್ಲಿ 10ರಿಂದ 15 ಸೋಲ್. ಊರ ಮಾರ್ಕೆಟ್ಟಿನ ಒಳಗೆ ಜನ ತುಂಬಿರುವ ಬೆಂಚು ಹುಡುಕಿ ಕೂತುಕೊಳ್ಳಿ.

ಸಸ್ಯಾಹಾರಿಗಳು ಸೊಯ್ ಬೆಹೆತಾರಿಯಾನೊ ಅಂದರೆ ಸಾಲದು. ಹೆಂಗಸರು ಬೆಹೆತಾರಿಯಾನಾ ಅನ್ನಬೇಕು. ಕಾರ್ನೆ ಅಂದರೆ ತುಂಬಾ ಕಡೆ ಬರೀ ದನದ ಮಾಂಸ, ಕೋಳಿ ಅದರಲ್ಲಿ ಸೇರುವುದಿಲ್ಲ. ಹಾಗಾಗಿ ಪೂರ್ತಿ ಹೇಳಿ: ಸಿನ್ ಕಾರ್ನೆ, ಸಿನ್ ಪೊಯ್ಯೊ, ಸಿನ್ ಪೆಸ್ಕಾದೊ. ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ. ಸೂಪು ಕೋಳಿಯ ಸಾರಿನದೇ ಎಂದೂ, ಗ್ವಾಟೆಮಾಲಾದ ಕಪ್ಪು ಬೀನ್ಸ್ ಕಾಳಿಗೆ ಹಂದಿಯ ಕೊಬ್ಬು ಹಾಕಿದ್ದಾರೆಯೇ ಎಂದೂ ಕೇಳಿ. ಆ ಕೊಬ್ಬಿಗೆ ಮಾಂತೆಕಾ ಅನ್ನುತ್ತಾರೆ. ಪೆರುವಿನಲ್ಲಿ ಸೋಮವಾರ ಮಸೂರ ಬೇಳೆಯ ದಿನ. ಅನೇಕ ಹೋಟೆಲುಗಳಲ್ಲಿ ಅನ್ನ, ಬೇಳೆ ಸಿಗುತ್ತದೆ. ಮನೆ ನೆನಪಾಗುವ ಹೊತ್ತಿಗೆ ಅದೊಂದು ದೊಡ್ಡ ಸಮಾಧಾನ.

ಬೊಲಿವಿಯಾದ ಯಾಹ್ವಾ ರುಚಿ ನೋಡಲೇಬೇಕು. ಹಸಿ ಮೆಣಸು, ಟೊಮೆಟೊ, ಒಂದು ಘಮದ ಸೊಪ್ಪು ಸೇರಿಸಿ ಕಲ್ಲಿನ ಮೇಲೆ ಅರೆದ ಚಟ್ನಿ ಅದು. ನಮ್ಮ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಶೇಂಗಾ, ಎಲ್ಲವೂ ಈ ಖಂಡದಿಂದಲೇ ನಮ್ಮ ಕಡೆ ಬಂದವು. ತವರಿನಲ್ಲಿ ಅವುಗಳನ್ನು ತಿನ್ನುವ ಖುಷಿಯೇ ಬೇರೆ.

ಬಸ್ಸು ಮತ್ತು ಎತ್ತರ

ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಕುಸ್ಕೊ ಊರು 3,400, ಟಿಟಿಕಾಕಾ ಸರೋವರ 3,812. ಲಿಮಾದಿಂದ ನೇರ ಕುಸ್ಕೊಗೆ ವಿಮಾನದಲ್ಲಿ ಹೋದರೆ ತಲೆನೋವು, ವಾಂತಿ, ನಿದ್ದೆ ಇಲ್ಲದ ರಾತ್ರಿ ಕಾದಿರುತ್ತವೆ. ಮೆಟ್ಟಿಲು ಹತ್ತಿದ ಹಾಗೆ ಹೋಗಿ: ಲಿಮಾದಿಂದ ಅರೆಕಿಪಾ, ಅಲ್ಲಿ 2,300 ಮೀಟರಿನಲ್ಲಿ ಮೂರು ದಿನ, ಆಮೇಲೆ ಕುಸ್ಕೊ. ಮೊದಲ ಎರಡು ದಿನ ಓಡಾಟ ಬೇಡ, ಮದ್ಯ ಬೇಡ, ನೀರು ಜಾಸ್ತಿ. ಅಲ್ಲಿನವರು ಕೋಕಾ ಎಲೆಯ ಕಷಾಯ ಕುಡಿಯುತ್ತಾರೆ. ಮಾತ್ರೆ ಬೇಕೇ ಎಂದು ಊರಿನಲ್ಲೇ ಡಾಕ್ಟರನ್ನು ಕೇಳಿ. ಉಸಿರು ಕಟ್ಟಿದರೆ, ಮಾತು ತೊದಲಿದರೆ ಕಾಯಬೇಡಿ, ಕೆಳಗಿನ ಊರಿಗೆ ಇಳಿಯಿರಿ.

ಪೆರುವಿನ ರಾತ್ರಿ ಬಸ್ಸುಗಳು ಒಳ್ಳೆಯವು, ಒಂದು ರಾತ್ರಿಯ ಬಾಡಿಗೆಯೂ ಉಳಿಯುತ್ತದೆ. ಕಾಮಾ ಅಂದರೆ ಜಾಸ್ತಿ ಒರಗುವ ಸೀಟು, ಸೆಮಿ ಕಾಮಾ ಅಂದರೆ ಕಡಿಮೆ. ಪಾಸ್‌ಪೋರ್ಟ್, ಫೋನು, ದುಡ್ಡಿನ ಚೀಲ ಮೇಲಿನ ರ‍್ಯಾಕಿನಲ್ಲಿ ಇಡಬೇಡಿ, ಕಾಲಿನ ಕೆಳಗೂ ಬೇಡ. ತೊಡೆಯ ಮೇಲೆ, ಪಟ್ಟಿ ತೋಳಿಗೆ ಸುತ್ತಿಕೊಂಡು ಮಲಗಿ. ಗ್ವಾಟೆಮಾಲಾದಲ್ಲಿ ಬಣ್ಣ ಬಳಿದ ಹಳೆಯ ಅಮೆರಿಕನ್ ಸ್ಕೂಲ್ ಬಸ್ಸುಗಳು ಓಡುತ್ತವೆ, ಅಗ್ಗ. ಆದರೆ ಅಲ್ಲಿ ಹಗಲು ಮಾತ್ರ ಓಡಾಡಿ.

ಮಾಚು ಪಿಚುಗೆ ರೈಲಿನ ದುಡ್ಡು ಉಳಿಸುವ ದಾರಿ ಒಂದಿದೆ. ಕುಸ್ಕೊದಿಂದ ವ್ಯಾನಿನಲ್ಲಿ ಇದ್ರೊಎಲೆಕ್ತ್ರಿಕಾ ಎಂಬ ಜಾಗಕ್ಕೆ ಹೋಗಿ, ಅಲ್ಲಿಂದ ಹಳಿಯ ಪಕ್ಕದಲ್ಲಿ ಎರಡೂವರೆ ಗಂಟೆ ನಡೆದರೆ ಮಾಚು ಪಿಚುವಿನ ಬುಡದ ಊರು ಆಗ್ವಾಸ್ ಕಾಲಿಯೆಂತೆಸ್. ಪ್ರವೇಶದ ಟಿಕೆಟ್ ಮಾತ್ರ ತುಂಬಾ ಮೊದಲೇ ಕೊಂಡಿರಿ. ಬೆಟ್ಟದ ಕಡೆ ಒಣಹವೆ ಇರುವುದು ಮೇ ತಿಂಗಳಿಂದ ಸೆಪ್ಟೆಂಬರ್. ಮಾಚು ಪಿಚುಗೆ ಬೆಟ್ಟದ ಮೇಲೆ ನಡೆದು ಹೋಗುವ ಇಂಕಾ ಟ್ರೇಲ್ ಫೆಬ್ರವರಿಯಲ್ಲಿ ಮುಚ್ಚಿರುತ್ತದೆ.

ಬೊಲಿವಿಯಾಕ್ಕೆ ಹೋಗುವುದು ಟಿಟಿಕಾಕಾ ದಡದ ಮೇಲೆಯೇ: ಪೆರುವಿನ ಪುನೊದಿಂದ ಬೊಲಿವಿಯಾದ ಕೊಪಕಬಾನಾ, ಅಲ್ಲಿಂದ ಲಾ ಪಾಜ್. ಈ ದಾರಿಯಲ್ಲಿ ತಿಕಿನಾ ಎಂಬಲ್ಲಿ ಎಲ್ಲರೂ ಇಳಿದು ಸಣ್ಣ ದೋಣಿಯಲ್ಲಿ ದಾಟಬೇಕು. ಬಸ್ಸು ಬೇರೆ ಮರದ ತೆಪ್ಪದಲ್ಲಿ ತೇಲಿ ಬರುತ್ತದೆ. ನನಗೆ ಸಿಗಂದೂರಿನ ಲಾಂಚ್ ನೆನಪಾಯಿತು. ಇಳಿಯುವಾಗ ಪಾಸ್‌ಪೋರ್ಟ್ ಜೊತೆಗಿರಲಿ, ದೋಣಿಗೆ ಚಿಲ್ಲರೆ ಕೈಯಲ್ಲಿರಲಿ.

ಬೊಲಿವಿಯಾದಲ್ಲಿ ಬ್ಲೊಕೆಯೊ ಎಂಬ ಪದ ಕೇಳಿದರೆ ಎಚ್ಚರ. ರಸ್ತೆ ತಡೆ ಅಂತ ಅರ್ಥ. ದಿನಗಟ್ಟಲೆ ನಡೆಯಬಹುದು. ಪ್ರತಿಭಟನೆಯ ಕಲ್ಲುಗಳನ್ನು ದಾಟಿ ಹೋಗಲು ನೋಡಬೇಡಿ. ವಾಪಸ್ ವಿಮಾನ ಇರುವ ಊರಿಗೆ ನಾಲ್ಕು ದಿನ ಮೊದಲೇ ಬಂದು ಕೂತುಕೊಳ್ಳಿ.

ಹೊರಡುವ ಮುನ್ನ

ಗಡಿಯಲ್ಲಿ ಎಷ್ಟು ದಿನ ಕೊಟ್ಟಿದ್ದಾರೆ ಎಂದು ಆಗಲೇ ನೋಡಿಕೊಂಡಿರಬೇಕು, ಮೀರಿದರೆ ದಂಡ. ಗ್ವಾಟೆಮಾಲಾ ಸಿಟಿ ಮತ್ತು ಲಿಮಾದಲ್ಲಿ ಭಾರತದ ರಾಯಭಾರ ಕಚೇರಿಗಳಿವೆ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಅಲ್ಲಿಗೆ.

ಬ್ಯಾಗು ಕಟ್ಟುವಾಗ ಎಲ್ಲ ಜೇಬು ಮಗುಚಿ ನೋಡಿ. ಕೋಕಾ ಎಲೆ, ಅದರ ಚಹಾ ಪೊಟ್ಟಣ, ಚಾಕ್ಲೇಟು ಒಂದೂ ಉಳಿದಿರಬಾರದು. ಅಲ್ಲಿ ಸಂತೆಯಲ್ಲಿ ಸಿಗುವ ಆ ಎಲೆ ಭಾರತದಲ್ಲಿ ಮಾದಕ ವಸ್ತು ಕಾನೂನಿನಡಿ ಬರುತ್ತದೆ. ಹಳದಿ ಕಾರ್ಡು ಪಾಸ್‌ಪೋರ್ಟಿನ ಜೊತೆ ಕೈಚೀಲದಲ್ಲಿ ಇರಲಿ.

ನೀವಿದ್ದ ಜಾಗದ ಬಗ್ಗೆ ತಾಣದಲ್ಲಿ ನಿಜವಾದ ಅಭಿಪ್ರಾಯ ಬರೆಯಿರಿ, ಎಷ್ಟು ಗಂಟೆ ಕೆಲಸ, ಏನು ಊಟ, ಬೀಗ ಇತ್ತೋ ಇಲ್ಲವೋ ಎಲ್ಲವನ್ನೂ. ನಿಮ್ಮ ನಂತರ ಹೋಗುವ ಹುಡುಗಿ ಅದನ್ನು ಓದಿಯೇ ನಿರ್ಧಾರ ಮಾಡುತ್ತಾಳೆ. ಊರಿಗೆ ಬಂದ ಮೇಲೆ ಶೆಲಾದ ಮನೆಯವರಿಗೆ ವಾಟ್ಸಾಪ್‌ನಲ್ಲಿ ದನಿ ಸಂದೇಶ ಕಳಿಸಿ, ಸ್ಪ್ಯಾನಿಷ್‌ನಲ್ಲಿ. ನಾನು ಈಗಲೂ ಭಾನುವಾರ ರಾತ್ರಿ ಏಳೂವರೆಗೆ ಕಳಿಸುತ್ತೇನೆ, ಅವರು ಬೆಳಗಿನ ಕಾಫಿಗೆ ಕೂತಿರುತ್ತಾರೆ.